ಪಾದರಸ ದೀಪ: ಬೀದಿಯಲ್ಲಿ ಕುಂದು, ಪ್ರಯೋಗಾಲಯದಲ್ಲಿ ವರ
(ಸಾರ್ವಜನಿಕ ವಿಜ್ಞಾನ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಾದರಸ ದೀಪದ ಗುಣಗಾನ ಮಾಡಲು ನಿಂತವರು ಮೊದಲು ಅದರ ಮೇಲಿರುವ ದೂರನ್ನು ಒಪ್ಪಿಕೊಳ್ಳಬೇಕು. ಅದರ ಬೆಳಕಿನಲ್ಲಿ ಮನುಷ್ಯರ ಮುಖ ನೋಡಲಾಗುವುದಿಲ್ಲ. ತುಟಿ ಕಪ್ಪಿಟ್ಟಂತೆ, ಚರ್ಮ ಹಸಿರು ಬೆರೆತ ಬೂದಿಯಂತೆ ಕಾಣುತ್ತದೆ. ಕೆಂಪು ಬಟ್ಟೆ ಕೆಂಪಾಗಿರುವುದಿಲ್ಲ, ಬಹುತೇಕ ಕಪ್ಪಾಗಿರುತ್ತದೆ. ಬೀದಿಗಳಲ್ಲಿ, ಕಾರ್ಖಾನೆಗಳಲ್ಲಿ ಈ ದೀಪ ಉರಿದ ದಶಕಗಳ ಉದ್ದಕ್ಕೂ ಜನ ಇದನ್ನೇ ಹೇಳುತ್ತಾ ಬಂದರು, ಎಂಜಿನಿಯರುಗಳು ಇದನ್ನೇ ಸರಿಪಡಿಸಲು ಹೆಣಗಿದರು. ಈ ಸಂಜೆ ನಾನು ನಿಮ್ಮ ಮುಂದಿಡುವ ಮಾತು ಒಂದೇ: ಬೀದಿಯಲ್ಲಿ ದೋಷ ಎನಿಸಿಕೊಂಡ ಈ ಗುಣವೇ ವಿಜ್ಞಾನಕ್ಕೆ ಪಾದರಸ ದೀಪ ಕೊಟ್ಟ ಬಹುದೊಡ್ಡ ಕೊಡುಗೆ. ಎರಡಕ್ಕೂ ಕಾರಣ ಒಂದೇ ಪರಮಾಣುವಿನ ಒಂದೇ ಸ್ವಭಾವ.

ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ನೇರಳೆಯಿಂದ ಕೆಂಪಿನವರೆಗೆ ಬಣ್ಣಗಳು ಒಂದರೊಳಗೊಂದು ಕರಗುವ ಪಟ್ಟಿ ಸಿಗುತ್ತದೆ. ಹಳೆಯ ತಂತಿ ಬಲ್ಬಿನದೂ ಹೀಗೆಯೇ. ಈ ಮೇಜಿನ ಮೇಲಿರುವ ಪಾದರಸ ದೀಪವನ್ನು, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡಿದರೆ ಪಟ್ಟಿ ಇಲ್ಲ, ಕತ್ತಲ ಹಿನ್ನೆಲೆಯಲ್ಲಿ ಕೆಲವೇ ಚೂಪು ಗೆರೆಗಳಿವೆ. ತರಂಗಾಂತರದ ಲೆಕ್ಕದಲ್ಲಿ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) 404.7 ನ್ಯಾನೊಮೀಟರಿನಲ್ಲಿ ನೇರಳೆ, 435.8ರಲ್ಲಿ ನೀಲಿ, 546.1ರಲ್ಲಿ ಕಣ್ಣು ಕುಕ್ಕುವ ಹಸಿರು, 577.0 ಮತ್ತು 579.1ರಲ್ಲಿ ಒತ್ತೊತ್ತಾಗಿ ನಿಂತ ಹಳದಿ ಜೋಡಿ. ಮಂಕಾದ ಇನ್ನು ಕೆಲವು ಗೆರೆಗಳಿವೆ. ಲೆಕ್ಕಕ್ಕೆ ಬರುವಷ್ಟು ಪ್ರಕಾಶ ಈ ಐದಕ್ಕೆ ಮಾತ್ರ. ಕೆಂಪಿನ ಜಾಗ ಹೆಚ್ಚುಕಡಿಮೆ ಖಾಲಿ. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಬಟ್ಟೆಯಾಗಲಿ ತುಟಿಯಾಗಲಿ ಹಿಂದಿರುಗಿಸಲಾರದು. ದೂರಿನ ಮೂಲ ಇದು. ಪದವಿ ತರಗತಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಈ ಗೆರೆಗಳು ಹಳೆಯ ಪರಿಚಯ. ಗ್ರೇಟಿಂಗ್ ಇಟ್ಟು, ದುರ್ಬೀನನ್ನು ತಿರುಗಿಸುತ್ತಾ, ಅಡ್ಡಗೂದಲನ್ನು ಹಸಿರು ಗೆರೆಯ ಮೇಲೆ ಕೂರಿಸಿ, ಉಸಿರು ಬಿಗಿಹಿಡಿದು ವರ್ನಿಯರ್ ಓದಿದ ಗಂಟೆಗಳು ಅವರಿಗೆ ನೆನಪಿರುತ್ತವೆ.

ಆ ಗೆರೆಗಳಿಗಿಂತ ಮುಖ್ಯವಾದ ಎರಡು ಗೆರೆಗಳು ಕಣ್ಣಿಗೆ ಕಾಣುವುದೇ ಇಲ್ಲ. 253.7 ಮತ್ತು 184.9 ನ್ಯಾನೊಮೀಟರಿನ ಅತಿನೇರಳೆ ಗೆರೆಗಳವು. ಇವುಗಳಲ್ಲಿ 253.7ರ ಪ್ರಸ್ತಾಪ ಮುಂದೆ ಮತ್ತೆ ಮತ್ತೆ ಬರುತ್ತದೆ. ಬಳಕೆಯಲ್ಲಿ ಅದನ್ನು 254 ಎಂದೇ ಕರೆಯುತ್ತಾರೆ.

ಇಷ್ಟೊಂದು ಲೋಹಗಳಿರುವಾಗ ದೀಪಕ್ಕೆ ಪಾದರಸವೇ ಏಕೆ? ಲೋಹವೊಂದರ ಪರಮಾಣುಗಳು ಬಿಡಿಬಿಡಿಯಾಗಿ ಬೆಳಗಬೇಕಾದರೆ ಅದು ಆವಿಯಾಗಬೇಕು. ಕಬ್ಬಿಣವನ್ನೋ ತಾಮ್ರವನ್ನೋ ಆವಿ ಮಾಡಲು ಕುಲುಮೆ ಬೇಕು. ಪಾದರಸ ಕೋಣೆಯ ಉಷ್ಣತೆಯಲ್ಲೇ ದ್ರವ, ಆಗಲೇ ಸ್ವಲ್ಪ ಆವಿಯನ್ನೂ ಬಿಡುತ್ತಿರುತ್ತದೆ. ಆ ಆವಿಯಲ್ಲಿ ಪರಮಾಣುಗಳು ಜೋಡಿಯಾಗದೆ ಒಂಟಿಯಾಗಿಯೇ ಓಡಾಡುತ್ತವೆ. ಗಾಜಿನೊಡನೆ ವರ್ತಿಸುವುದಿಲ್ಲ, ವಿದ್ಯುದ್ವಾರವನ್ನು ತಿನ್ನುವುದಿಲ್ಲ. ಸೋಡಿಯಂ ಬಿಸಿಯಾದಾಗ ಸಾಮಾನ್ಯ ಗಾಜನ್ನೇ ಕೆಡಿಸುತ್ತದೆ ಎಂಬುದನ್ನು ನೆನೆದರೆ ಪಾದರಸದ ಈ ಸೌಮ್ಯ ಗುಣದ ಬೆಲೆ ಅರ್ಥವಾಗುತ್ತದೆ. ಪಾದರಸದ ಆವಿ ಬೆಳಗುತ್ತದೆ ಎಂಬುದು ವಿದ್ಯುಚ್ಛಕ್ತಿಯ ಯುಗಕ್ಕೂ ಮೊದಲೇ ಕಂಡ ಸಂಗತಿ. 1675ರಲ್ಲಿ ಫ್ರೆಂಚ್ ಖಗೋಳಜ್ಞ ಝಾನ್ ಪಿಕಾರ್ ಕತ್ತಲಲ್ಲಿ ವಾಯುಭಾರಮಾಪಕವನ್ನು ಒಯ್ಯುತ್ತಿದ್ದಾಗ, ಕುಲುಕಾಡಿದ ಪಾದರಸದ ಮೇಲಿನ ಖಾಲಿ ಜಾಗದಲ್ಲಿ ಮಂದ ಬೆಳಕು ಮಿನುಗಿತು. ಗಾಜಿಗೂ ಪಾದರಸಕ್ಕೂ ಆದ ಉಜ್ಜಾಟದಿಂದ ಹುಟ್ಟಿದ ಸ್ಥಿರವಿದ್ಯುತ್ ಅದಕ್ಕೆ ಕಾರಣ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಹಾಕ್ಸ್‌ಬಿ ಈ ಹೊಳಪನ್ನು ಬೇಕೆಂದಾಗ ಹುಟ್ಟಿಸಿ ತೋರಿಸಿದ.

ಈಗ ಕೊಳವೆಯೊಳಗೆ ನಡೆಯುವುದನ್ನು ನೋಡೋಣ. ಎರಡು ತುದಿಗಳ ನಡುವೆ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನುಗಳು ಓಡುತ್ತವೆ, ದಾರಿಯಲ್ಲಿ ಪಾದರಸದ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಲ್ಲಿ ಪರಮಾಣು ಎಷ್ಟು ಶಕ್ತಿಯನ್ನು ಪಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1914ರಲ್ಲಿ, ಬರ್ಲಿನ್‌ನಲ್ಲಿ. ಜೇಮ್ಸ್ ಫ್ರಾಂಕ್ ಮತ್ತು ಗುಸ್ತಾವ್ ಹರ್ಟ್ಸ್ ಪಾದರಸದ ಆವಿ ತುಂಬಿದ ಕೊಳವೆಯಲ್ಲಿ ಎಲೆಕ್ಟ್ರಾನುಗಳ ವೇಗವನ್ನು ಮೆಲ್ಲಗೆ ಏರಿಸುತ್ತಾ ಹೋದರು. ಆಚೆ ತುದಿ ಮುಟ್ಟುವ ವಿದ್ಯುತ್ಪ್ರವಾಹ ಏರುತ್ತಾ ಬಂದು 4.9 ವೋಲ್ಟ್ ದಾಟುತ್ತಲೇ ಕುಸಿಯಿತು. ಮತ್ತೆ ಏರಿತು, ಇನ್ನೊಂದು 4.9 ಸೇರಿದಾಗ ಮತ್ತೆ ಕುಸಿಯಿತು. ಪರಮಾಣು ತನಗೆ ಬೇಕಾದ ಮೊತ್ತ ಬರುವವರೆಗೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಬಂದೊಡನೆ ಪೂರ್ತಿ ತೆಗೆದುಕೊಳ್ಳುತ್ತದೆ. ಹಾಗೆ ಪಡೆದ 4.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಅದು ಬೆಳಕಾಗಿ ಬಿಟ್ಟುಕೊಟ್ಟರೆ ತರಂಗಾಂತರ ಎಷ್ಟಿರಬೇಕು? ಲೆಕ್ಕ ಹಾಕಿದರೆ ಬರುವುದು 254 ನ್ಯಾನೊಮೀಟರ್. ಅವರು ನೋಡಿದರು, ಆ ಗೆರೆ ಅಲ್ಲಿತ್ತು. ತಮ್ಮ ಪ್ರಯೋಗ ಪರಮಾಣುವಿನ ಶಕ್ತಿ ಮೆಟ್ಟಿಲುಮೆಟ್ಟಿಲಾಗಿ ಮಾತ್ರ ಬದಲಾಗುತ್ತದೆ ಎಂದು ನೀಲ್ಸ್ ಬೋರ್ 1913ರಲ್ಲಿ ಮಂಡಿಸಿದ್ದ ಪರಮಾಣು ಮಾದರಿಗೆ ನೇರ ಸಾಕ್ಷಿ ಎಂಬುದು ಅವರಿಗೇ ಆಗ ಹೊಳೆದಿರಲಿಲ್ಲ, 4.9 ವೋಲ್ಟ್ ಎಂದರೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿ ಎಂದು ಅವರು ಎಣಿಸಿದ್ದರು. ಅರ್ಥ ತಿಳಿಯಾದ ಮೇಲೆ 1925ರ ನೊಬೆಲ್ ಬಹುಮಾನ ಅವರಿಬ್ಬರಿಗೆ ಸಂದಿತು. ನಮ್ಮ ತಲೆಯ ಮೇಲೆ ಉರಿಯುತ್ತಿದ್ದ ಪ್ರತಿ ಟ್ಯೂಬ್‌ಲೈಟಿನಲ್ಲೂ ಕ್ಷಣಕ್ಷಣಕ್ಕೆ ನಡೆಯುತ್ತಿದ್ದುದು ಇದೇ ಪ್ರಯೋಗ.

ಪಾದರಸ ದೀಪಗಳಲ್ಲಿ ಎರಡು ಜಾತಿ. ಒಳಗಿನ ಆವಿಯ ಒತ್ತಡ ಎಷ್ಟು ಎಂಬುದರ ಮೇಲೆ ಅವುಗಳ ನಡವಳಿಕೆಯೇ ಬೇರೆಯಾಗುತ್ತದೆ.

ಕಡಿಮೆ ಒತ್ತಡದ ದೀಪದಲ್ಲಿ ಪಾದರಸದ ಆವಿಯ ಒತ್ತಡ ಒಂದು ಪಾಸ್ಕಲ್‌ನ ಆಸುಪಾಸು, ಅಂದರೆ ವಾತಾವರಣದ ಒತ್ತಡದ ಲಕ್ಷದಲ್ಲೊಂದು ಭಾಗ. ಜೊತೆಗೆ ಒಂದಿಷ್ಟು ಆರ್ಗಾನ್. ಈ ಸ್ಥಿತಿಯಲ್ಲಿ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 254ರ ಗೆರೆಯೊಂದಕ್ಕೇ ಹೋಗುತ್ತದೆ. ಬೇರೆ ಯಾವ ಧಾತುವೂ ವಿದ್ಯುತ್ತನ್ನು ಒಂದೇ ಗೆರೆಗೆ ಇಷ್ಟು ಉದಾರವಾಗಿ ಸುರಿಯುವುದು ಅಪರೂಪ. ಕೊಳವೆಯ ಒಳಗೋಡೆಗೆ ಫಾಸ್ಫರ್ ಪುಡಿ ಬಳಿದರೆ ಅದು ಅತಿನೇರಳೆಯನ್ನು ನುಂಗಿ ಬಿಳಿ ಬೆಳಕನ್ನು ಹೊರಸೂಸುತ್ತದೆ, ಅದೇ ಟ್ಯೂಬ್‌ಲೈಟ್. ಪುಡಿ ಬಳಿಯದೆ, 254 ದಾಟಿಹೋಗಬಲ್ಲ ವಿಶೇಷ ಗಾಜಿನಿಂದಲೋ ಕ್ವಾರ್ಟ್ಜ್‌ನಿಂದಲೋ ಕೊಳವೆ ಮಾಡಿದರೆ ಅದು ಸೂಕ್ಷ್ಮಾಣುನಾಶಕ ದೀಪ. ಒಳಗಿನ ಯಂತ್ರ ಒಂದೇ, ಹೊರಗಿನ ಗೋಡೆ ಮಾತ್ರ ಬೇರೆ.

ಹೆಚ್ಚು ಒತ್ತಡದ ದೀಪದಲ್ಲಿ ಆವಿಯ ಒತ್ತಡ ಒಂದರಿಂದ ಕೆಲವು ವಾತಾವರಣಗಳಷ್ಟು. ಇಲ್ಲಿ 254ರ ಫೋಟಾನು, ಅಂದರೆ ಬೆಳಕಿನ ಕಣ, ಹುಟ್ಟಿದರೂ ಹೊರಗೆ ಬರಲಾರದು. ಒಂದು ಪರಮಾಣು ಬಿಟ್ಟದ್ದನ್ನು ಪಕ್ಕದ ಪರಮಾಣು ಹಿಡಿದುಕೊಳ್ಳುತ್ತದೆ, ಅದು ಬಿಟ್ಟದ್ದನ್ನು ಮತ್ತೊಂದು. ಕಿಕ್ಕಿರಿದ ಗುಂಪಿನಲ್ಲಿ ಕೈಯಿಂದ ಕೈಗೆ ದಾಟುವ ಚೀಟಿಯಂತೆ ಅದು ಒಳಗೇ ಸುತ್ತುತ್ತದೆ. ಆ ನಡುವೆ ಪರಮಾಣು ಇನ್ನೊಂದು ಡಿಕ್ಕಿ ತಿಂದು ಇನ್ನೂ ಎತ್ತರದ ಮಟ್ಟಕ್ಕೆ ಏರುತ್ತದೆ. ಎತ್ತರದಿಂದ ನಡುವಿನ ಮಟ್ಟಗಳಿಗೆ ಇಳಿಯುವಾಗ ಹೊಮ್ಮುವುದೇ ನೇರಳೆ, ನೀಲಿ, ಹಸಿರು, ಹಳದಿ ಗೆರೆಗಳು, ಜೊತೆಗೆ 365ರ ಅತಿನೇರಳೆ ಗೆರೆ. ಹೀಗೆ ಒತ್ತಡ ಏರಿಸಿದ ಮಾತ್ರಕ್ಕೆ ಅತಿನೇರಳೆ ದೀಪವೊಂದು ಬೀದಿ ದೀಪವಾಗಿಬಿಡುತ್ತದೆ.

ಈ ಒತ್ತಡ ಕಟ್ಟಿಕೊಳ್ಳಲು ಸಮಯ ಬೇಕು. ಗುಂಡಿ ಒತ್ತಿದಾಗ ಮೊದಲು ಹೊತ್ತಿಕೊಳ್ಳುವುದು ಆರ್ಗಾನ್. ಆ ಬಿಸಿಗೆ ಪಾದರಸ ಆವಿಯಾಗುತ್ತಾ ಬಂದು ದೀಪ ಪೂರ್ಣ ಪ್ರಕಾಶಕ್ಕೆ ಬರಲು ನಾಲ್ಕೈದು ನಿಮಿಷವಾದರೂ ಹಿಡಿಯುತ್ತದೆ. ವಿದ್ಯುತ್ ಒಂದು ಕ್ಷಣ ಹೋಗಿ ಬಂದರೆ ಬಿಸಿ ದೀಪ ಕೂಡಲೇ ಹೊತ್ತುವುದಿಲ್ಲ, ತಣ್ಣಗಾಗಿ ಒತ್ತಡ ಇಳಿಯುವವರೆಗೆ ಕಾಯಬೇಕು. ಇನ್ನೊಂದು ಮಾತು. ಎಲ್ಲ ಪಾದರಸ ದೀಪಗಳಿಗೂ ಪ್ರವಾಹವನ್ನು ಮಿತಿಯಲ್ಲಿಡುವ ಚೋಕ್‌ನಂಥ ಸಾಧನ ಕಡ್ಡಾಯ. ಪ್ರವಾಹ ಹೆಚ್ಚಿದಷ್ಟೂ ಆವಿಯ ರೋಧ ಇಳಿಯುತ್ತದೆ, ರೋಧ ಇಳಿದಷ್ಟೂ ಪ್ರವಾಹ ಹೆಚ್ಚುತ್ತದೆ. ತಡೆಯುವ ಸಾಧನವಿಲ್ಲದಿದ್ದರೆ ದೀಪ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ.

ಬೆಳಕಿನ ಮೂಲವಾಗಿ ಇದನ್ನು ಮಾರುಕಟ್ಟೆಗೆ ತಂದವನು ಅಮೆರಿಕದ ಪೀಟರ್ ಕೂಪರ್ ಹೆವಿಟ್. 1892ರಲ್ಲಿ ಜರ್ಮನಿಯ ಲಿಯೋ ಆರನ್ಸ್ ಪಾದರಸ ಆವಿ ದೀಪವನ್ನು ರಚಿಸಿದ್ದ. ಹೆವಿಟ್ 1901ರಲ್ಲಿ ಪೇಟೆಂಟ್ ಪಡೆದ ದೀಪ ದಿನನಿತ್ಯದ ಬಳಕೆಗೆ ನಿಂತಿತು. ಮೀಟರಿಗೂ ಮಿಕ್ಕಿದ ಗಾಜಿನ ಕೊಳವೆ. ಹೊತ್ತಿಸಲು ಅದನ್ನು ಓರೆ ಮಾಡಬೇಕಿತ್ತು. ಪಾದರಸ ಒಂದು ತುದಿಯಿಂದ ಇನ್ನೊಂದಕ್ಕೆ ಹರಿದು, ಎರಡನ್ನೂ ಮುಟ್ಟಿ, ಮತ್ತೆ ಬೇರೆಯಾಗುವಾಗ ಕಿಡಿ ಹುಟ್ಟುತ್ತಿತ್ತು. ಮನೆಗಳು ಆ ನೀಲಿ ಹಸಿರನ್ನು ಒಪ್ಪಲಿಲ್ಲ. ಛಾಯಾಗ್ರಾಹಕರು ಮಾತ್ರ ಕೈಚಾಚಿ ಬರಮಾಡಿಕೊಂಡರು. ಅಂದಿನ ಫಿಲ್ಮುಗಳು ನೀಲಿಗೆ ಚುರುಕಾಗಿ ಸ್ಪಂದಿಸುತ್ತಿದ್ದವು, ಕೆಂಪನ್ನು ಕಾಣುತ್ತಲೇ ಇರಲಿಲ್ಲ. ದೀಪದಲ್ಲಿ ಇಲ್ಲದ್ದು ಫಿಲ್ಮಿಗೂ ಬೇಡವಾಗಿತ್ತು. ಮೂಕಿ ಚಿತ್ರಗಳ ಸ್ಟುಡಿಯೊಗಳಲ್ಲಿ ಈ ಕೊಳವೆಗಳು ಸಾಲುಸಾಲಾಗಿ ತೂಗಿದವು.

ಇದೇ ಹೊತ್ತಿಗೆ ಜರ್ಮನಿಯ ಹನಾವ್‌ನಲ್ಲಿ, ಹೆರೇಯಸ್ ಸಂಸ್ಥೆಯ ರಿಚರ್ಡ್ ಕ್ಯೂಖ್ 1899ರಲ್ಲಿ ಸ್ಫಟಿಕ ಶಿಲೆಯನ್ನು ಕರಗಿಸಿ ಶುದ್ಧ ಕ್ವಾರ್ಟ್ಜ್ ಗಾಜನ್ನು ಪಡೆದಿದ್ದ. ಬೆಳಕಿನ ಇತಿಹಾಸ ಹೇಳುವವರು ಈತನನ್ನು ಮರೆಯುವುದು ನನಗೆ ಬೇಸರದ ಸಂಗತಿ. ಸಾಮಾನ್ಯ ಗಾಜು 254ನ್ನು ಪೂರ್ತಿ ತಡೆಯುತ್ತದೆ, ಹೆಚ್ಚು ಬಿಸಿಯಾದರೆ ಮೆತ್ತಗಾಗುತ್ತದೆ. ಕ್ವಾರ್ಟ್ಜ್ ಗಾಜು ಅತಿನೇರಳೆಯನ್ನು ಬಿಟ್ಟುಕೊಡುತ್ತದೆ, ಉರಿಯನ್ನು ತಾಳಿಕೊಳ್ಳುತ್ತದೆ. 1904ರ ಹೊತ್ತಿಗೆ ಕ್ವಾರ್ಟ್ಜ್ ಪಾದರಸ ದೀಪ ಸಿದ್ಧವಾಯಿತು. ಮುಂದೆ ನಾನು ಹೇಳುವ ಪ್ರಯೋಗಗಳಲ್ಲಿ ಬಹಳಷ್ಟು ಈ ಗಾಜಿಲ್ಲದೆ ಸಾಧ್ಯವಿರಲಿಲ್ಲ.

ಬೀದಿಯ ಕಥೆಯನ್ನು ಬೇಗ ಮುಗಿಸುತ್ತೇನೆ. 1930ರ ದಶಕದಲ್ಲಿ ಹೆಚ್ಚು ಒತ್ತಡದ ದೀಪಗಳು ರಸ್ತೆಗಿಳಿದವು. ತಂತಿ ಬಲ್ಬು ಒಂದು ವ್ಯಾಟಿಗೆ ಹತ್ತು ಹದಿನೈದು ಲೂಮೆನ್ ಕೊಡುತ್ತಿದ್ದಾಗ ಇವು ಐವತ್ತರ ಸುತ್ತ ಕೊಟ್ಟವು. ನಮ್ಮ ಕಣ್ಣು ಹಗಲಿನ ಬೆಳಕಿನಲ್ಲಿ ಅತಿ ಚುರುಕಾಗಿರುವುದು 555 ನ್ಯಾನೊಮೀಟರಿನಲ್ಲಿ, ಪಾದರಸದ ಹಸಿರು ಗೆರೆ ಅದರ ಪಕ್ಕದಲ್ಲೇ ಇದೆ. ಈ ನೆರೆಹೊರೆ ದೀಪಕ್ಕೆ ಒದಗಿಬಂದ ಅದೃಷ್ಟ. ಆಯುಷ್ಯವೂ ದೀರ್ಘ, ಇಪ್ಪತ್ತು ಸಾವಿರ ಗಂಟೆ ದಾಟುತ್ತಿತ್ತು. ಆದರೆ ಮುದಿಯಾದ ದೀಪ ಆರುತ್ತಿರಲಿಲ್ಲ. ಅಷ್ಟೇ ವಿದ್ಯುತ್ ತಿನ್ನುತ್ತಾ ಮಂಕಾಗುತ್ತಾ ಹೋಗುತ್ತಿತ್ತು. ಆರದ ದೀಪವನ್ನು ಬದಲಿಸಲು ಯಾರೂ ಕಂಬ ಹತ್ತುವುದಿಲ್ಲವಷ್ಟೆ. ಕೆಂಪಿನ ಕೊರತೆ ತುಂಬಲು ಹೊರಗಾಜಿಗೆ ಯುರೋಪಿಯಂ ಸೇರಿದ ಫಾಸ್ಫರ್ ಬಳಿದರು. 1938ರಲ್ಲಿ ಟ್ಯೂಬ್‌ಲೈಟ್ ಮಾರಾಟಕ್ಕೆ ಬಂದು ಒಳಾಂಗಣಗಳನ್ನು ಗೆದ್ದುಕೊಂಡಿತು. ಆಮೇಲೆ ಸೋಡಿಯಂ, ಮೆಟಲ್ ಹ್ಯಾಲೈಡ್, ಕೊನೆಗೆ ಎಲ್‌ಇಡಿ ಬಂದವು. ಬೆಳಗುವ ಕೆಲಸದಲ್ಲಿ ಪಾದರಸಕ್ಕಿಂತ ಒಳ್ಳೆಯವು ಬಂದಾಗ ಅದು ಹಿಂದೆ ಸರಿದದ್ದು ಸರಿಯೇ.

ಪ್ರಯೋಗಾಲಯದ ಕಥೆಯೇ ಬೇರೆ. ಅಲ್ಲಿ ಬೇಕಿದ್ದದ್ದು ಹೆಚ್ಚು ಬೆಳಕಲ್ಲ, ತರಂಗಾಂತರ ಇಷ್ಟೇ ಎಂದು ನಿಖರವಾಗಿ ಗೊತ್ತಿರುವ ಬೆಳಕು. ರಾಬರ್ಟ್ ಮಿಲಿಕನ್ ದ್ಯುತಿವಿದ್ಯುತ್ ಪರಿಣಾಮವನ್ನು ಅಳೆಯಲು ಹೊರಟಾಗ ಐನ್‌ಸ್ಟೈನ್ 1905ರಲ್ಲಿ ಮುಂದಿಟ್ಟಿದ್ದ ಬೆಳಕಿನ ಕಣದ ಕಲ್ಪನೆಯಲ್ಲಿ ಆತನಿಗೆ ನಂಬಿಕೆ ಇರಲಿಲ್ಲ. ಲೋಹದ ಮೇಲೆ ಬೇರೆ ಬೇರೆ ತರಂಗಾಂತರದ ಬೆಳಕು ಬಿಟ್ಟು, ಹೊರಬಂದ ಎಲೆಕ್ಟ್ರಾನಿನ ಶಕ್ತಿಯನ್ನು ಅಳೆಯಬೇಕು. ಇದಕ್ಕೆ ಆತ ಬಳಸಿದ್ದು ಕ್ವಾರ್ಟ್ಜ್ ಪಾದರಸ ದೀಪದ ಗೆರೆಗಳನ್ನು. ಪಟ್ಟಿಯಂತೆ ಹರಡಿದ ಬೆಳಕಾಗಿದ್ದರೆ ಎಲ್ಲಿ ಕತ್ತರಿಸಿದರೂ ಅಕ್ಕಪಕ್ಕದ್ದು ನುಸುಳುತ್ತಿತ್ತು. ಗೆರೆಗಳ ನಡುವೆ ಕತ್ತಲಿದ್ದುದರಿಂದ ಪ್ರತಿಯೊಂದನ್ನೂ ಬೇರೆಯಾಗಿ ಎತ್ತಿಕೊಳ್ಳಲು ಬಂತು. 1916ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಿಂದುಗಳು ಸರಳರೇಖೆಯ ಮೇಲೆ ಕೂತವು, ಆ ರೇಖೆಯ ಓರೆಯಿಂದ, ಬೆಳಕಿನ ಕಣದ ಶಕ್ತಿಯನ್ನು ಅದರ ಆವೃತ್ತಿಗೆ ಜೋಡಿಸುವ ಪ್ಲಾಂಕ್ ಸ್ಥಿರಾಂಕ ಸಿಕ್ಕಿತು. ತಾನು ನಂಬದ ಸಮೀಕರಣವನ್ನು ತನ್ನ ಕೈಯಾರೆ ಸರಿಯೆಂದು ತೋರಿಸಿದ ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನು ರಾಮನ್. ದ್ರವಗಳಲ್ಲಿ ಚದುರಿದ ಬೆಳಕಿನ ಒಂದು ಅತ್ಯಲ್ಪ ಪಾಲು ಬಣ್ಣ ಬದಲಿಸುತ್ತದೆ ಎಂಬ ಸುಳಿವು ಅವರಿಗೂ ಕೆ.ಎಸ್. ಕೃಷ್ಣನ್ ಅವರಿಗೂ ಸಿಕ್ಕಿದ್ದು ಬಣ್ಣದ ಗಾಜಿನಲ್ಲಿ ಸೋಸಿದ ಸೂರ್ಯನ ಬೆಳಕಿನಿಂದ. ಸೋಸಿದರೂ ಸೂರ್ಯನ ಬೆಳಕು ಅಗಲವಾದ ಪಟ್ಟಿಯೇ. ಅದರ ಬದಲಾವಣೆಯೂ ಮಸುಕಾದ ಪಟ್ಟಿಯಾಗಿಯೇ ಕಾಣುತ್ತದೆ. ಪಾದರಸ ದೀಪವನ್ನು ಇಟ್ಟಾಗ ಚಿತ್ರ ಚೊಕ್ಕವಾಯಿತು. ಒಳಗೆ ಹೋದದ್ದು ಚೂಪು ಗೆರೆ, ಹೊರಗೆ ಅದರ ಪಕ್ಕದಲ್ಲಿ ಮೂಡಿದ್ದೂ ಚೂಪು ಗೆರೆಗಳು. ಬೆಂಜೀನ್‌ಗೆ 435.8ರ ನೀಲಿ ಬೆಳಕು ಕೊಟ್ಟರೆ ಅದರ ಪ್ರಬಲ ಗೆರೆ ಸುಮಾರು 456ರಲ್ಲಿ ಕಾಣುತ್ತದೆ, 404.7ರ ನೇರಳೆ ಕೊಟ್ಟರೆ ಸುಮಾರು 422ರಲ್ಲಿ. ಎರಡರಲ್ಲೂ ಕಳೆದುಹೋದ ಶಕ್ತಿ ಒಂದೇ, ಅದು ಬೆಂಜೀನ್ ಅಣುವಿನ ಕಂಪನದ ಶಕ್ತಿ. ಬದಲಾವಣೆ ಬೆಳಕಿನ ಸ್ವತ್ತಲ್ಲ, ಅಣುವಿನ ಗುರುತು ಎಂದು ಹೇಳಲು ಇಂಥ ಎರಡು ಬಿಡಿ ಗೆರೆಗಳಿಗಿಂತ ಒಳ್ಳೆಯ ಸಾಕ್ಷಿ ಬೇಕೆ? 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ರಾಮನ್ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಮಂಡಿತವಾದದ್ದು ಈ ಹೊಸ ವಿಕಿರಣ. 1930ರಲ್ಲಿ ನೊಬೆಲ್ ಬಂತು. 1960ರ ದಶಕದಲ್ಲಿ ಲೇಸರ್ ಕೈಗೆ ಬರುವವರೆಗೆ ಜಗತ್ತಿನ ರಾಮನ್ ಪ್ರಯೋಗಗಳೆಲ್ಲ ಬಹುಮಟ್ಟಿಗೆ ಪಾದರಸ ದೀಪದ ಬೆಳಕಿನಲ್ಲೇ ನಡೆದವು.

ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ಹುಟ್ಟಿಸುವ ಅಧ್ಯಾಯ ಉದ್ದದ ಮಾನಕ್ಕೆ ಸಂಬಂಧಿಸಿದ್ದು. ಮೀಟರನ್ನು ಲೋಹದ ಕಂಬಿಯ ಬದಲು ಬೆಳಕಿನ ತರಂಗದಿಂದ ನಿರೂಪಿಸಬೇಕೆಂಬ ಯೋಚನೆ ಬಲಗೊಂಡಾಗ ಪಾದರಸದ 546.1ರ ಹಸಿರು ಗೆರೆಯೂ ಅಭ್ಯರ್ಥಿಯಾಗಿತ್ತು. ತೊಡಕು ಒಂದಿತ್ತು. ನಿಸರ್ಗದ ಪಾದರಸದಲ್ಲಿ ಏಳು ಸ್ಥಿರ ಐಸೊಟೋಪುಗಳಿವೆ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಪಾದರಸ ಪರಮಾಣುವಿನ ಏಳು ಬಗೆಗಳು. ಒಂದೊಂದರ ಗೆರೆಯೂ ಕೂದಲೆಳೆಯಷ್ಟು ಆಚೀಚೆ. ಬೆಸ ಸಂಖ್ಯೆಯ ಐಸೊಟೋಪುಗಳ ಗೆರೆಗಳು ಮತ್ತಷ್ಟು ಸೀಳುತ್ತವೆ. ಒಂದೇ ಗೆರೆ ಎಂದು ಕಂಡದ್ದು ಹತ್ತಿರದಿಂದ ನೋಡಿದರೆ ಗೆರೆಗಳ ಗೊಂಚಲು. ಶುದ್ಧವಾದ ಒಂದೇ ಐಸೊಟೋಪು ಎಲ್ಲಿಂದ ತರುವುದು? ಚಿನ್ನದಿಂದ. ನಿಸರ್ಗದ ಚಿನ್ನದಲ್ಲಿ ಇರುವುದು ಚಿನ್ನ-197 ಒಂದೇ. ಅದು ಒಂದು ನ್ಯೂಟ್ರಾನನ್ನು ನುಂಗಿದರೆ ಚಿನ್ನ-198 ಆಗುತ್ತದೆ. 2.7 ದಿನಗಳ ಅರ್ಧಾಯುಷ್ಯದಲ್ಲಿ ಅದು ಎಲೆಕ್ಟ್ರಾನೊಂದನ್ನು ಹೊರಚೆಲ್ಲಿ ಪಾದರಸ-198 ಆಗಿಬಿಡುತ್ತದೆ. ಪಾದರಸವನ್ನು ಚಿನ್ನವಾಗಿಸಲು ರಸವಾದಿಗಳು ಶತಮಾನಗಳ ಕಾಲ ಕುಲುಮೆ ಊದಿದರು. 1940ರಲ್ಲಿ ಜೇಕಬ್ ವೀನ್ಸ್ ಮತ್ತು ಲೂಯಿಸ್ ಆಲ್ವರೆಝ್ ಬರ್ಕ್ಲಿಯಲ್ಲಿ ಚಿನ್ನವನ್ನು ಪಾದರಸವಾಗಿಸಿ ಅದರ ಗೆರೆಯನ್ನು ನೋಡಿದರು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ವಿಲಿಯಂ ಮೆಗ್ಗರ್ಸ್ ಈ ಪಾದರಸ-198ರ ದೀಪಗಳನ್ನು ಮಾನಕವಾಗಿ ಬೆಳೆಸಿದರು. ಬೆಳಕಿನ ಅಳತೆಗೆ ಚಿನ್ನಕ್ಕಿಂತ ಪಾದರಸ ಹೆಚ್ಚು ಬೆಲೆಯುಳ್ಳದ್ದಾಗಿತ್ತು. ಕಡೆಗೆ 1960ರಲ್ಲಿ ಮೀಟರಿನ ವ್ಯಾಖ್ಯೆಗೆ ಆಯ್ಕೆಯಾದದ್ದು ಕ್ರಿಪ್ಟಾನ್-86ರ ಕಿತ್ತಳೆ ಗೆರೆ. 1983ರಲ್ಲಿ ಅದೂ ಹೋಗಿ ಬೆಳಕಿನ ವೇಗ ಆ ಸ್ಥಾನಕ್ಕೆ ಬಂತು.

ಮೀಟರು ಕೈತಪ್ಪಿದರೂ ಪಾದರಸದ ಅಂಕಿಗಳು ವಿಜ್ಞಾನದ ಮೈಯಲ್ಲಿ ಬೆರೆತುಹೋಗಿವೆ. ಮಸೂರಗಳ ಗಾಜನ್ನು ವರ್ಗೀಕರಿಸುವವರು ವಕ್ರೀಭವನಾಂಕವನ್ನು, ಅಂದರೆ ಗಾಜು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದನ್ನು, ಹೇಳುವುದು 546.1ರ ಇ-ರೇಖೆಯಲ್ಲಿ, ಜೊತೆಗೆ 435.8ರ ಜಿ-ರೇಖೆಯಲ್ಲಿ. ಔಷಧ ಪ್ರಯೋಗಾಲಯಗಳಲ್ಲಿ ತೆಳುಪದರದ ತಟ್ಟೆಯ ಮೇಲೆ ರಾಸಾಯನಿಕಗಳನ್ನು ಬೇರ್ಪಡಿಸಿ ದೀಪದಡಿ ಹಿಡಿದು ನೋಡುತ್ತಾರಲ್ಲ, ಆ ತಟ್ಟೆಗೆ ಬೆರೆಸಿದ ಹೊಳಪಿನ ಪುಡಿ 254ಕ್ಕೆ ಹೊಂದಿಸಿದ್ದು. ದ್ರವ ಹಾಯಿಸಿ ರಾಸಾಯನಿಕಗಳನ್ನು ಬೇರ್ಪಡಿಸುವ ದ್ರವ ವರ್ಣಲೇಖನದ ಮೊದಲ ತಲೆಮಾರಿನ ಪತ್ತೆಯಂತ್ರಗಳೂ 254ರಲ್ಲೇ ಕೆಲಸ ಮಾಡುತ್ತಿದ್ದವು. ಯಾರೋ ಕುಳಿತು ಯೋಚಿಸಿ ಆಯ್ದ ಅಂಕಿ ಇದಲ್ಲ, ಅಗ್ಗವಾಗಿ ಸಿಗುವ ದೀಪ ಕೊಟ್ಟ ಅಂಕಿ. ಎಷ್ಟೋ ಸಾವಯವ ಅಣುಗಳು ಅಲ್ಲಿ ಬೆಳಕನ್ನು ಹೀರುತ್ತವೆ ಎಂಬುದು ರಸಾಯನಶಾಸ್ತ್ರಜ್ಞರ ಭಾಗ್ಯ.

ಕಂಪ್ಯೂಟರ್ ಚಿಪ್ಪುಗಳ ಮಾತು ಇನ್ನೂ ಸ್ವಾರಸ್ಯದ್ದು. ಸಿಲಿಕಾನ್ ಬಿಲ್ಲೆಯ ಮೇಲೆ ಸರ್ಕಿಟ್ಟಿನ ನಕ್ಷೆಯನ್ನು ಬೆಳಕಿನಿಂದ ಮುದ್ರಿಸುತ್ತಾರೆ. ತರಂಗಾಂತರ ಕಿರಿದಾದಷ್ಟೂ ಗೆರೆ ಸಣ್ಣದಾಗಬಹುದು. ಮೊದಲು 436ರ ಜಿ-ರೇಖೆ, ಆಮೇಲೆ 365ರ ಐ-ರೇಖೆ. ಚಿಪ್ಪುಗಳು ಕಿರಿದಾಗುತ್ತಾ ಬಂದ ಆ ವರ್ಷಗಳಲ್ಲಿ ಉದ್ಯಮ ಪಾದರಸದ ಒಂದು ಗೆರೆಯಿಂದ ಇನ್ನೊಂದಕ್ಕೆ ಇಳಿಯಿತು. ಮುಂದೆ 248ಕ್ಕೆ ಇಳಿಯುವಾಗ ದೀಪವನ್ನು ಬಿಟ್ಟು ಲೇಸರ್ ಹಿಡಿಯಿತು. ಅಷ್ಟು ಸೂಕ್ಷ್ಮತೆ ಬೇಡವಾದ ಪದರಗಳಿಗೆ ಐ-ರೇಖೆ ಇಂದಿಗೂ ಬಳಕೆಯಲ್ಲಿದೆ. ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳಲ್ಲಿ ಜೀವಕೋಶದ ಬಣ್ಣಗಳನ್ನು ಹೊತ್ತಿಸಿದ್ದೂ ಇಂಥದೇ ಗಿಡ್ಡ ಚಾಪದ ಪಾದರಸ ದೀಪ. ರಾತ್ರಿ ಪತಂಗಗಳ ಅಧ್ಯಯನ ಮಾಡುವವರು ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ಹೊತ್ತಿಸುವುದೂ ಪಾದರಸ ದೀಪವನ್ನೇ. ನಮಗೆ ಕಾಣದ 365 ಪತಂಗಕ್ಕೆ ಕಾಣುತ್ತದೆ.

ವೈದ್ಯಕೀಯಕ್ಕೆ ಬರೋಣ. ಮೊದಲ ಮಹಾಯುದ್ಧದ ನಂತರ ಬರ್ಲಿನ್ನಿನ ಮಕ್ಕಳಲ್ಲಿ ರಿಕೆಟ್ಸ್ ವ್ಯಾಪಕವಾಗಿತ್ತು. ಮೂಳೆ ಮೆತ್ತಗಾಗಿ ಕಾಲು ಬಾಗುವ ರೋಗ. ಅಲ್ಲಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲಿ ಮಕ್ಕಳಿಗೆ ಕ್ವಾರ್ಟ್ಜ್ ಪಾದರಸ ದೀಪದ ಬೆಳಕು ಕೊಟ್ಟು ಅವರು ಗುಣವಾಗುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದ. ಒಂದು ತೋಳಿಗೆ ಮಾತ್ರ ಬೆಳಕು ಕೊಟ್ಟರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಗುತ್ತಿತ್ತು. ಚರ್ಮದಲ್ಲಿ ಏನೋ ಹುಟ್ಟಿ ರಕ್ತದಲ್ಲಿ ಹರಿಯುತ್ತಿದೆ ಎಂದರ್ಥ. ಅದೇ ವಿಟಮಿನ್ ಡಿ ಎಂದು ಆಮೇಲೆ ತಿಳಿಯಿತು. ಅದರ ಉತ್ಪತ್ತಿಗೆ ಚರ್ಮಕ್ಕೆ ಬೇಕಾದ ಬೆಳಕು 297ರ ಸುತ್ತಮುತ್ತ, ಪಾದರಸಕ್ಕೆ 296.7ರಲ್ಲಿ ಒಂದು ಗೆರೆಯಿದೆ.

ಸೂಕ್ಷ್ಮಾಣುಗಳ ವಿಷಯದಲ್ಲಿ 254 ಮತ್ತೆ ಮುಂದೆ ಬರುತ್ತದೆ. ಡಿಎನ್‌ಎ ಅತಿ ಹೆಚ್ಚು ಬೆಳಕನ್ನು ಹೀರುವುದು 260ರಿಂದ 265ರ ಆಸುಪಾಸಿನಲ್ಲಿ. 254 ಅದಕ್ಕೆ ಬಹಳ ಹತ್ತಿರ. ಹೀರಿದಾಗ ಡಿಎನ್‌ಎಯ ಘಟಕಗಳಾದ ಅಕ್ಕಪಕ್ಕದ ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸೂಕ್ಷ್ಮಾಣು ವೃದ್ಧಿಯಾಗಲಾರದು. 1910ರಷ್ಟು ಹಿಂದೆಯೇ ಫ್ರಾನ್ಸಿನ ಮಾರ್ಸೇಯಲ್ಲಿ ಕುಡಿಯುವ ನೀರನ್ನು ಪಾದರಸ ದೀಪದಿಂದ ಶುದ್ಧಿಗೊಳಿಸುವ ಪ್ರಯತ್ನ ನಡೆಯಿತು. ಇಂದು ಮನೆಯ ನೀರಿನ ಶುದ್ಧೀಕರಣ ಯಂತ್ರದಿಂದ ಹಿಡಿದು ನಗರಗಳ ಜಲಾಗಾರಗಳವರೆಗೆ ಈ ಕೊಳವೆಗಳಿವೆ. ಇಲ್ಲಿ ಒಂದು ಎಚ್ಚರಿಕೆ. ಈ ಬೆಳಕು ಸೂಕ್ಷ್ಮಾಣುವನ್ನು ಕೊಲ್ಲುವ ಕಾರಣದಿಂದಲೇ ನಮ್ಮ ಕಣ್ಣಿಗೂ ಚರ್ಮಕ್ಕೂ ಹಾನಿ ಮಾಡುತ್ತದೆ. ನೋಡುವಾಗ ನೋವಿಲ್ಲ, ಕೆಲವು ಗಂಟೆಗಳ ಮೇಲೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ಹೊರಗಾಜು ಒಡೆದೂ ಉರಿಯುತ್ತಲೇ ಇರುವ ಹೆಚ್ಚು ಒತ್ತಡದ ದೀಪವೂ ಇಷ್ಟೇ ಅಪಾಯಕಾರಿ. ಕ್ರೀಡಾಂಗಣ, ವ್ಯಾಯಾಮಶಾಲೆಗಳಲ್ಲಿ ಇಂಥ ದೀಪದ ಕೆಳಗೆ ಇದ್ದವರ ಕಣ್ಣು, ಚರ್ಮ ಸುಟ್ಟ ಘಟನೆಗಳಿವೆ. ಗಾಜು ಒಡೆದ ದೀಪ ಕಂಡರೆ ಮೊದಲು ಸ್ವಿಚ್ ಆರಿಸಬೇಕು.

ಇತ್ತೀಚಿನ ಬಳಕೆಯೊಂದು ಆಕಾಶದಲ್ಲಿ ನಡೆಯಿತು. 2019ರ ಜೂನ್‌ನಲ್ಲಿ ನಾಸಾ ಹಾರಿಸಿದ ಆಳ ಬಾಹ್ಯಾಕಾಶ ಪರಮಾಣು ಗಡಿಯಾರ ಪಾದರಸ-199ರ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ, ಮೇಲೆ ನಡೆಯಿತು. ಅವುಗಳ 40.5 ಗಿಗಾಹರ್ಟ್ಸ್ ಕಂಪನವೇ ಅದರ ಲೋಲಕ. ಆ ಅಯಾನುಗಳನ್ನು ಬೇಕಾದ ಸ್ಥಿತಿಗೆ ತಳ್ಳಲು 194 ನ್ಯಾನೊಮೀಟರಿನ ಬೆಳಕು ಬೇಕು. ಅದಕ್ಕೆ ಲೇಸರ್ ಬಳಸಲಿಲ್ಲ. ಪಾದರಸ-202 ತುಂಬಿದ ಪುಟ್ಟ ದೀಪವನ್ನು ಇಟ್ಟರು. 202ರ ಗೆರೆ 199ರ ಒಂದು ಮಟ್ಟಕ್ಕೆ ಮಾತ್ರ ಸರಿಹೊಂದುತ್ತದೆ, ಇನ್ನೊಂದನ್ನು ಮುಟ್ಟುವುದಿಲ್ಲ. ಮೀಟರಿನ ಕಾಲದಲ್ಲಿ ತಲೆನೋವಾಗಿದ್ದ ಐಸೊಟೋಪುಗಳ ಕೂದಲೆಳೆಯ ಅಂತರ ಇಲ್ಲಿ ಕೆಲಸಕ್ಕೆ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಪಾದರಸ ವಿಷ ಎಂಬುದನ್ನು ಮೆಲುದನಿಯಲ್ಲಿ ಹೇಳಿ ಮುಗಿಸುವುದು ತಪ್ಪಾಗುತ್ತದೆ. ಜಪಾನಿನ ಮಿನಮಾಟಾದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಮೀಥೈಲ್ ಪಾದರಸ ಮೀನುಗಳ ಮೂಲಕ ಜನರ ನರಮಂಡಲವನ್ನು ಹಾಳುಮಾಡಿತು. 1956ರಲ್ಲಿ ಆ ರೋಗ ಅಧಿಕೃತವಾಗಿ ಗುರುತಿಸಲ್ಪಟ್ಟಿತು. ಅದು ದೀಪಗಳಿಂದ ಆದ ದುರಂತವಲ್ಲ. ಆದರೆ ಒಡೆದ ದೀಪದ ಪಾದರಸವೂ ಮಣ್ಣಿಗೆ, ನೀರಿಗೆ ಸೇರಿ ಅದೇ ರೂಪಕ್ಕೆ ತಿರುಗಬಲ್ಲದು. ಪಾದರಸಕ್ಕೆ ಕಡಿವಾಣ ಹಾಕುವ, ಆ ಊರಿನ ಹೆಸರು ಹೊತ್ತ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂತು. ಸಾಮಾನ್ಯ ಬೆಳಕಿಗಾಗಿ ಬಳಸುವ ಹೆಚ್ಚು ಒತ್ತಡದ ಪಾದರಸ ದೀಪಗಳ ತಯಾರಿಕೆ, ಆಮದು, ರಫ್ತಿಗೆ ಅದು 2020ರ ಗಡುವು ಹಾಕಿತು. ಟ್ಯೂಬ್‌ಲೈಟುಗಳೂ ಈ ದಶಕದಲ್ಲೇ ತೆರೆಮರೆಗೆ ಸರಿಯಲಿವೆ. ನಾನು ಇದನ್ನು ಸ್ವಾಗತಿಸುತ್ತೇನೆ. ರೋಹಿತಮಾಪಕಗಳನ್ನು ಹೊಂದಿಸುವ ಬೆರಳುದ್ದದ ಪಾದರಸ ದೀಪವಾದರೂ ಉಳಿಯಲಿ ಎಂಬುದಷ್ಟೇ ನನ್ನ ಆಸೆ. ಎಲ್‌ಇಡಿಯ ಬಣ್ಣ ಹತ್ತಿಪ್ಪತ್ತು ನ್ಯಾನೊಮೀಟರ್ ಅಗಲಕ್ಕೆ ಹರಡಿರುತ್ತದೆ, ಬಿಸಿಯಾದರೆ ಜರುಗುತ್ತದೆ. ಪರಮಾಣುವಿನ ಗೆರೆ ಹಾಗೆ ಅಲುಗುವುದಿಲ್ಲ.

ಪಾದರಸದ ಮಾಲಿನ್ಯವನ್ನು ಪತ್ತೆಹಚ್ಚುವ ವಿಶ್ವಾಸಾರ್ಹ ಸಾಧನಗಳಲ್ಲಿ ಒಂದು ಪಾದರಸ ದೀಪವೇ. ಮೀನು, ನೀರು ಅಥವಾ ರಕ್ತದ ಮಾದರಿಯಲ್ಲಿರುವ ಪಾದರಸವನ್ನು ಆವಿಯಾಗಿಸಿ 254ರ ಬೆಳಕಿನ ಹಾದಿಯಲ್ಲಿ ಹಾಯಿಸುತ್ತಾರೆ. ಆವಿಯ ಪರಮಾಣುಗಳು ತಮ್ಮದೇ ಗೆರೆಯನ್ನು ಹೀರುತ್ತವೆ. ಬೆಳಕು ಎಷ್ಟು ಕುಂದಿತೋ ಪಾದರಸ ಅಷ್ಟಿದೆ. ಹೆಚ್ಚು ಒತ್ತಡದ ದೀಪದಲ್ಲಿ ಬೆಳಕನ್ನು ಒಳಗೇ ಸೆರೆಹಿಡಿಯುವ ಗುಣವೇ ಇಲ್ಲಿ ಅಳತೆಗೋಲು. ಇದನ್ನು ಕಣ್ಣಾರೆ ಕಾಣಿಸುವ ಪ್ರಯೋಗವೊಂದಿದೆ. ಇಲ್ಲಿ ಅದನ್ನು ಮಾಡಿ ತೋರಿಸುತ್ತಿಲ್ಲ, ವಿವರಿಸುತ್ತೇನೆ. 254ರ ದೀಪದ ಎದುರು ಅದರಿಂದ ಹೊಳೆಯುವ ಪರದೆ ಇಟ್ಟು, ನಡುವೆ ಪಾದರಸದ ಶೀಶೆಯ ಮುಚ್ಚಳ ತೆರೆಯುತ್ತಾರೆ. ಬರಿಗಣ್ಣಿಗೆ ಶೀಶೆಯ ಮೇಲೆ ಏನೂ ಇಲ್ಲ. ಪರದೆಯ ಮೇಲೆ ಮಾತ್ರ ಹೊಗೆಯಂಥ ಕಪ್ಪು ನೆರಳು ಸುರುಳಿಯಾಗಿ ಹರಿದಾಡುತ್ತದೆ. ಬಿಸಿ ಮಾಡಿಲ್ಲ, ಕುಲುಕಿಲ್ಲ. ತಣ್ಣಗಿರುವ ಪಾದರಸವೇ ಅಷ್ಟು ಆವಿ ಬಿಡುತ್ತಿರುತ್ತದೆ.

ಉಪನ್ಯಾಸ ಮುಗಿದ ಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವರು ಕೇಳಿದ್ದು ಮನೆಯಲ್ಲಿ ಟ್ಯೂಬ್‌ಲೈಟೋ ಸಿಎಫ್‌ಎಲ್ ಬಲ್ಬೋ ಒಡೆದರೆ ಏನು ಮಾಡಬೇಕೆಂದು. ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಒಂದು ಬಲ್ಬಿನಲ್ಲಿರುವುದು ಕೆಲವೇ ಮಿಲಿಗ್ರಾಂ ಪಾದರಸ, ಗಾಬರಿ ಬೇಡ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸಿ, ಫ್ಯಾನು ಮತ್ತು ಎಸಿ ಆರಿಸಿ, ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಕೋಣೆಯಿಂದ ದೂರವಿರಿ. ಪೊರಕೆಯನ್ನಾಗಲಿ ವ್ಯಾಕ್ಯೂಮ್ ಕ್ಲೀನರನ್ನಾಗಲಿ ಮುಟ್ಟಬೇಡಿ, ಅವು ಪುಡಿಯನ್ನೂ ಆವಿಯನ್ನೂ ಕೋಣೆಯ ತುಂಬ ಹರಡುತ್ತವೆ. ಕೈಗವಸು ಹಾಕಿಕೊಂಡು, ಎರಡು ರಟ್ಟಿನ ತುಂಡುಗಳಿಂದ ಚೂರುಗಳನ್ನು ಬಳಿದು ಎತ್ತಿ. ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು ಒದ್ದೆ ಬಟ್ಟೆಯಿಂದ ನೆಲ ಒರೆಸಿ. ರಟ್ಟು, ಬಟ್ಟೆ ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಡಬ್ಬಿಗೆ ಹಾಕಿ ಬಿಗಿದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಒಡೆಯದೆ ಆರಿಹೋದ ದೀಪವನ್ನೂ ಕಸದ ಬುಟ್ಟಿಗೆ ಎಸೆಯದೆ ಅವರಿಗೇ ಕೊಡಬೇಕು. ಅದರೊಳಗಿನ ಪಾದರಸವನ್ನು ಮತ್ತೆ ಹೊರತೆಗೆಯಲು ಬರುತ್ತದೆ.